ಮುಚ್ಚಳದಮ್ಮನ ತಪ್ಪೊಪ್ಪಿಗೆ

ಬರೆಯುವಾಗ ಎಡ ಅಂಗೈಯನ್ನು ಬಾಗಿಸಿ ಹಾಳೆಯ ಮೇಲೆ ಗೋಡೆ ಕಟ್ಟಿಕೊಳ್ಳುವ ಅಭ್ಯಾಸ, ಪಕ್ಕದವನು ನಕಲು ಮಾಡಿಯಾನೆಂಬ ಗುಮಾನಿಯಿಂದ, ಪರೀಕ್ಷೆಯ ಕೊಠಡಿಯಲ್ಲಿ ಕೂತ ಜಾಣ ಮಕ್ಕಳಿಗೆ ಇರುವುದುಂಟು. ಐವತ್ತಾರು ದಾಟಿದ, ಪುರಸಭೆಯ ಶಿಕ್ಷಣ ಶಾಖೆಯ ಒಂದೇ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತು ಅದರ ಬೆತ್ತವನ್ನು ಮೂರು ಸಲ ಹೆಣೆಸಿದ ಹೆಂಗಸಿಗೆ ಅಂಥ ಅಭ್ಯಾಸವಿದ್ದುದನ್ನು ನಾನು ಕಂಡದ್ದು ಅವರೊಬ್ಬರಲ್ಲಿ ಮಾತ್ರ. ದಾಖಲಾತಿ ರಿಜಿಸ್ಟರಿನಲ್ಲಿ ಮಗುವಿನ ಹೆಸರು ಬರೆಯುವಾಗ ಇರಲಿ, ತಮ್ಮದೇ ರಜೆಯ ಅರ್ಜಿ ಬರೆಯುವಾಗಲೂ ಆ ಅಂಗೈ ಪೆನ್ನಿನ ಬೆನ್ನು ಹತ್ತಿ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಕಚೇರಿಯ ಕಿಡಿಗೇಡಿಗಳು ಅವರಿಗೆ ಮುಚ್ಚಳದಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ಮಾತ್ರ ಎಲ್ಲರೂ ಅಕ್ಕ ಎನ್ನುತ್ತಿದ್ದರು.

ಅಕ್ಕ ನಡೆಯುತ್ತಿದ್ದುದು ಯಾವಾಗಲೂ ಗೋಡೆಯ ಪಕ್ಕದಲ್ಲಿ. ಮೊಗಸಾಲೆ ಎಷ್ಟು ಅಗಲವಿದ್ದರೂ ಅದರ ನಡುವನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಗೋಡೆಗೆ ಬಲಭುಜ ಸವರಿಕೊಂಡೇ ಹೋಗುತ್ತಿದ್ದುದರಿಂದ ಅವರ ಬೂದು ಕೋಟಿನ ಬಲತೋಳಿನ ಮೇಲೆ ವರ್ಷದ ಹನ್ನೆರಡು ತಿಂಗಳೂ ಸುಣ್ಣದ ಪಟ್ಟೆಯೊಂದು ಇರುತ್ತಿತ್ತು. ಆ ಕೋಟು ತೀರಿಹೋದ ಅಣ್ಣನದು, ಅಳತೆಗೆ ದೊಡ್ಡದು, ಮೂರು ಒಳಜೇಬುಗಳಿವೆ ಎಂಬ ಕಾರಣಕ್ಕೇ ಅದನ್ನು ಬಿಡಲಾರೆ ಎನ್ನುತ್ತಿದ್ದರು. ಮಾತು ಮುಗಿಸುವಾಗ ಧ್ವನಿ ತಗ್ಗಿಸಿ "ಇದು ಇಲ್ಲೇ ಇರ್ಲಿ" ಎಂದು ಸೇರಿಸುವುದು ಇನ್ನೊಂದು ಚಾಳಿ. "ಇವತ್ತು ಸೆಕೆ ಜಾಸ್ತಿ, ಇದು ಇಲ್ಲೇ ಇರ್ಲಿ" ಎಂದು ಅವರು ಗಂಭೀರವಾಗಿ ನುಡಿದದ್ದನ್ನು ನಾನೇ ಕೇಳಿದ್ದೇನೆ. ಅವರ ಯಜಮಾನರು ನಿವೃತ್ತ ಬಸ್ ಚಾಲಕರು, ಬಾಯಿ ತುಂಬ ನಗುವವರು, ಒಮ್ಮೆ ಕಚೇರಿಗೆ ಛತ್ರಿ ತಂದುಕೊಟ್ಟಾಗ ನಮ್ಮೆಲ್ಲರೆದುರು ಹೇಳಿದ್ದರು: "ಅಡುಗೆಗೆ ಉಪ್ಪು ಹಾಕಿದ್ಯಾ ಅಂತ ಕೇಳಿದ್ರೂ ಸುತ್ತಮುತ್ತ ನೋಡಿ ಆಮೇಲೆ ಉತ್ತರ ಕೊಡ್ತಾಳೆ ಸ್ವಾಮಿ. ನಾನು ಕಟ್ಕೊಂಡಿದ್ದು ಹೆಂಡ್ತೀನಲ್ಲ, ಬ್ಯಾಂಕಿನ ಲಾಕರ್‌ನ!"

ಪುರಸಭೆಯ ಹತ್ತೊಂಬತ್ತು ಶಾಲೆಗಳಿಗೆ ಹತ್ತೊಂಬತ್ತು ದಾಖಲಾತಿ ರಿಜಿಸ್ಟರುಗಳು. ಹೆಸರು, ಹುಟ್ಟಿದ ತಾರೀಖು, ತಂದೆ, ತಾಯಿ, ವಿಳಾಸ, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋದದ್ದು. ಅಕ್ಕನ ದುಂಡು ಅಕ್ಷರಗಳ ಆ ಪುಟಗಳಲ್ಲಿ ಇಪ್ಪತ್ತೆರಡು ವರ್ಷಗಳಲ್ಲಿ ಹೊಡೆದುಹಾಕಿದ ಒಂದು ಅಕ್ಷರವಿರಲಿಲ್ಲ, ತಿದ್ದಿದ ಒಂದು ಅಂಕಿಯಿರಲಿಲ್ಲ. ಹೊರಗಿನಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮೂರು ದಿನ ಹುಡುಕಿ, ತಪ್ಪು ಸಿಗದೆ, ಕೊನೆಗೆ ಬೇಸರದಿಂದ "ಶಾಯಿ ಸ್ವಲ್ಪ ತಿಳಿಯಾಯಿತು" ಎಂದು ಷರಾ ಬರೆದು ಹೋಗಿದ್ದರು. ಒಡವೆಯ ಮೇಲಾಗಲಿ ಬಟ್ಟೆಯ ಮೇಲಾಗಲಿ ಕಿಂಚಿತ್ತೂ ವ್ಯಾಮೋಹವಿಲ್ಲದ ಆ ಜೀವಕ್ಕೆ ಇದ್ದ ಏಕಮಾತ್ರ ಅಹಂಕಾರ ಅದು. ಯಾರಾದರೂ ಆ ಷರಾದ ಮಾತೆತ್ತಿದರೆ ಮುಖ ಕೆಂಪಾಗಿ, ಇಲ್ಲದ ಧೂಳನ್ನು ರಿಜಿಸ್ಟರಿನ ಬೆನ್ನಿನಿಂದ ಒರೆಸುತ್ತಿದ್ದರು.

ಆ ಪುಟಗಳಲ್ಲಿ ಇನ್ನೊಂದು ಸಂಗತಿಯಿತ್ತೆಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಕೆಲವು ಮಕ್ಕಳ ಕ್ರಮಸಂಖ್ಯೆಯ ಕೆಳಗೆ, ಬರಿಗಣ್ಣಿಗೆ ಹೌದೋ ಅಲ್ಲವೋ ಎಂಬಂತೆ, ಪೆನ್ಸಿಲಿನ ಒಂದು ಚುಕ್ಕೆ. ಒಟ್ಟು ಒಂಬತ್ತು ಮಕ್ಕಳು. ಇವರು ಎಲ್ಲಿ ಓದುತ್ತಿದ್ದಾರೆಂದು ಯಾರಾದರೂ ಬಂದು ಕೇಳಿದರೆ ಹೇಳಕೂಡದು ಎಂಬುದು ಆ ಚುಕ್ಕೆಯ ಅರ್ಥ. ಅಂಥ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ; ಮಗುವನ್ನು ಸೇರಿಸಲು ಬಂದ ತಾಯಿಯೋ ಅಜ್ಜನೋ ಕಿಟಕಿಯಲ್ಲಿ ಬಗ್ಗಿ ಪಿಸುಗುಟ್ಟಿದ ನಾಲ್ಕು ಮಾತು, ಅಕ್ಕನ ನೆನಪು, ಒಂದು ಚುಕ್ಕೆ, ಇಷ್ಟೇ ಆ ಮಕ್ಕಳಿಗಿದ್ದ ಕಾವಲು. ಮುಂದಿನ ಕತೆಯಲ್ಲಿ ಅರ್ಧವನ್ನು ನಾನು ಟಪಾಲು ವಿಭಾಗದ ನನ್ನ ಮೇಜಿನಿಂದ, ಅಂದರೆ ಅವರ ಎದುರಿನಿಂದಲೇ ಕಂಡದ್ದು. ಉಳಿದರ್ಧ ಅವರು ನಿವೃತ್ತರಾದ ಮೇಲೆ ಹೇಳಿದ್ದು. ಆಗಲೂ ಮಗುವಿನ ಹೆಸರೊಂದನ್ನು ಬಿಟ್ಟು.

ಪುರಸಭೆಯ ಹೊಸ ಅಧ್ಯಕ್ಷರು ಉತ್ಸಾಹಿ, ಒಳ್ಳೆಯ ಮನುಷ್ಯ. ಊರಿನ ಶಾಲೆಗಳನ್ನೆಲ್ಲ ಡಿಜಿಟಲ್ ಮಾಡಬೇಕೆಂಬುದು ಅವರ ಕನಸಾಗಿತ್ತು. ಕಪ್ಪು ಹಲಗೆಯ ಜಾಗದಲ್ಲಿ ಬೆಳಗುವ ಪರದೆ, ಮಕ್ಕಳ ಕೈಗೆ ಟ್ಯಾಬ್, ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಕ್ಯಾಮೆರಾ, ಮನೆಯವರಿಗೆ ಒಂದು ಆ್ಯಪ್. ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಹೆಂಗಸು, ನಲವತ್ತರ ಆಸುಪಾಸಿನವರು, ನಮ್ಮ ಕೋಣೆಯ ಗೋಡೆಯ ಮೇಲೆ ಅದನ್ನೆಲ್ಲ ಬಿಂಬಿಸಿ ತೋರಿಸಿದರು. ಮಗುವಿನ ಹೆಸರು, ಹುಟ್ಟಿದ ತಾರೀಖು ಒತ್ತಿದರೆ ಸಾಕು. ಯಾವ ಶಾಲೆ, ಯಾವ ತರಗತಿ, ಇವತ್ತು ಎಷ್ಟು ಗಂಟೆಗೆ ಒಳಗೆ ಬಂತು, ಎಷ್ಟು ಗಂಟೆಗೆ ಹೊರಗೆ ಹೋಯಿತು, ಎಲ್ಲವೂ ಫೋಟೋ ಸಮೇತ.

"ನಮ್ಮೂರ ಮಗು ಎಲ್ಲಿದೆ ಅನ್ನೋದು ಹೆತ್ತವರಿಗೆ ಬೆರಳ ತುದೀಲಿ ಗೊತ್ತಾಗ್ಬೇಕು" ಎಂದು ಅಧ್ಯಕ್ಷರು ಹೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಕ್ಕನ ಕೈಗಳು ಕೋಟಿನ ಜೇಬಿನಿಂದ ಹೊರಗೆ ಬರಲಿಲ್ಲ. ರಿಜಿಸ್ಟರುಗಳನ್ನೆಲ್ಲ ತಿಂಗಳ ಕೊನೆಗೆ ಸ್ಕ್ಯಾನ್ ಮಾಡಲು ಕೊಡಬೇಕೆಂದು ಆದೇಶವಾಯಿತು.

ಇದಾಗಿ ನಾಲ್ಕನೆಯ ದಿನ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಆ ಮನುಷ್ಯ ಬಂದ.

ಕನ್ನಡಕದ ಅಂಗಡಿಯವನು. ಬೇರೆ ಊರಿನವನು. ಇಸ್ತ್ರಿ ಹಾಕಿದ ತಿಳಿನೀಲಿ ಅಂಗಿ, ಉಗುರುಗಳನ್ನು ಕೂಡ ಅರೆದಂತೆ ನುಣ್ಣಗಿಟ್ಟುಕೊಂಡ ಬೆರಳುಗಳು, ಗುರುಗಳ ಮುಂದೆ ನಿಂತ ಶಿಷ್ಯನ ವಿನಯ. ಆ ಹೊತ್ತಿಗೆ ನಾನು ಟಪಾಲು ಹಂಚಲು ಮೇಲಿನ ಮಹಡಿಗೆ ಹೋಗಿದ್ದೆ. ಕೋಣೆಯಲ್ಲಿ ಅಕ್ಕ ಒಬ್ಬರೇ. ಎದುರಿಗೆ ಒಂಬತ್ತನೇ ರಿಜಿಸ್ಟರು ತೆರೆದಿತ್ತು. ಅವನು ಹೆಸರು ಹೇಳಿದ. ಹುಟ್ಟಿದ ತಾರೀಖು ಹೇಳಿದ. "ನನ್ನ ಮಗಳು ಮೇಡಂ. ಎರಡು ವರ್ಷ ಆಯ್ತು ನೋಡಿ. ಈ ಊರಲ್ಲೇ ಯಾವುದೋ ಶಾಲೇಲಿ ಓದ್ತಿದಾಳಂತೆ."

ಹೆಸರು ಕಿವಿಗೆ ಬಿದ್ದ ಕ್ಷಣ ಅಕ್ಕನಿಗೆ ನೆನಪಾದದ್ದು ಆ ಮಗು. ಎರಡು ವರ್ಷದ ಹಿಂದೆ ತಾಯಿಯ ಜೊತೆ ಬಂದು ಇದೇ ಕೋಣೆಯ ಸ್ಟೂಲಿನ ಮೇಲೆ ಕೂತಿತ್ತು. ಯಾರಾದರೂ ಬಾಗಿಲು ದೂಡಿದ ಸದ್ದಾದರೆ ಸಾಕು, ಬಾಗಿಲ ಕಡೆ ನೋಡುವ ಬದಲು ಮೇಜಿನ ಕೆಳಗೆ ನೋಡುತ್ತಿತ್ತು. ಅಲ್ಲಿ ತಾನು ಹಿಡಿಸುವಷ್ಟು ಜಾಗವಿದೆಯೇ ಎಂದು ಅಳೆಯುವಂತೆ. ತಾಯಿ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಅದು ಹೇಗಾಯಿತೆಂದು ಅಕ್ಕ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಗು ಯಾರ ಬಳಿ ಇರಬೇಕೆಂಬ ನ್ಯಾಯಾಲಯದ ಆದೇಶ ಇನ್ನೂ ಬಂದಿರಲಿಲ್ಲ, ಪೊಲೀಸರು ದೂರು ಬರೆದುಕೊಂಡ ಚೀಟಿಯೊಂದೇ ಅವಳ ಬಳಿ ಇದ್ದದ್ದು. ಹೆಸರು ಬದಲಿಸುವಂತೆಯೂ ಇರಲಿಲ್ಲ. ಜನನ ಪತ್ರದಲ್ಲಿದ್ದುದೇ ರಿಜಿಸ್ಟರಿಗೂ. "ಅವರು ಬಂದ್ರೆ ಹೇಳ್ಬೇಡಿ ಅಮ್ಮ" ಎಂದಷ್ಟೇ ಅವಳು ಅಂದದ್ದು. ಕಾಗದದ ಲೆಕ್ಕದಲ್ಲಿ ಹೇಳದಿರಲು ಅಕ್ಕನಿಗೆ ಯಾವ ಅಧಿಕಾರವೂ ಇರಲಿಲ್ಲ.

"ನಿಮ್ಮ ಕನ್ನಡಕದ ಕಡ್ಡಿ ಸಡಿಲ ಆಗಿದೆ ಮೇಡಂ, ಜಾರ್ತಾ ಇದೆ. ಕೊಡಿ, ಒಂದು ನಿಮಿಷ" ಎಂದು ಅವನು ಕೈ ಚಾಚಿದ. ಬೇಡ ಎನ್ನುವಷ್ಟರಲ್ಲಿ ಕನ್ನಡಕ ಅವನ ಕೈಯಲ್ಲಿತ್ತು. ಜೇಬಿನಿಂದ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ತೆಗೆದು ಅವನು ತಿರುಪು ಬಿಗಿಯತೊಡಗಿದ. ಕನ್ನಡಕವಿಲ್ಲದೆ ಅಕ್ಕನಿಗೆ ಒಂದು ಗೇಣಿನಾಚೆ ಎಲ್ಲವೂ ಮಂಜು. ಎದುರಿಗೆ ನೀಲಿಯ ಒಂದು ರಾಶಿ. ಅದರೊಳಗಿನಿಂದ ಬರುವ ಮೆದು ದನಿ. ಕೆಳಗೆ ತೆರೆದೇ ಇದ್ದ ರಿಜಿಸ್ಟರು. ತೆರೆದಿರುವ ಪುಟ ಯಾವುದೆಂದು ಅವರಿಗೆ ಕಾಣುತ್ತಿರಲಿಲ್ಲ, ಅವನಿಗೆ ಕಾಣುತ್ತಿತ್ತು. ಮುಚ್ಚಿದರೆ ಅದೇ ಸುಳಿವಾದೀತು. ಅಂಗೈಯನ್ನು ಹಾಳೆಯ ಮೇಲೆ ಊರಿ, ಯಾವ ಸಾಲಿನ ಮೇಲೆ ಊರಿದ್ದೇನೆಂದು ತಿಳಿಯದೆ, ಬೆರಳುಗಳನ್ನು ಎಷ್ಟು ಅಗಲಿಸಲಾದೀತೋ ಅಷ್ಟು ಅಗಲಿಸಿ ಅವರು ಕೂತರು. ತಿರುಪು ಕಿರ್ರೆನ್ನುವ ಸದ್ದು ಮುಗಿಯುವುದೇ ಇಲ್ಲವೇನೋ ಅನ್ನಿಸಿತಂತೆ.

"ಆ ಹೆಸರಿನ ಮಗು ನಮ್ಮಲ್ಲಿ ಇಲ್ಲ" ಎಂದರು.

"ನೋಡದೇನೇ ಹೇಳ್ತೀರಲ್ಲ ಮೇಡಂ."

"ನನಗೆ ಎಲ್ಲ ಹೆಸರೂ ಬಾಯಿಪಾಠ."

ಅವನು ಕನ್ನಡಕವನ್ನು ಕರವಸ್ತ್ರದಿಂದ ಒರೆಸಿ, ಎರಡೂ ಕೈಯಿಂದ ಅವರ ಮುಖಕ್ಕೆ ತಾನೇ ತೊಡಿಸಿದ. ಬೆರಳು ತಣ್ಣಗಿತ್ತು. "ಈಗ ಸರಿಯಾಗಿ ಕಾಣುತ್ತಾ?" ಎಂದು ಕೇಳಿ ನಕ್ಕ. ಬಾಗಿಲ ತನಕ ಹೋಗಿ ತಿರುಗಿ, ಏನೋ ಸಂತೋಷದ ಸುದ್ದಿ ನೆನಪಾದವನಂತೆ ಅಂದ: "ಪರವಾಗಿಲ್ಲ ಬಿಡಿ ಮೇಡಂ. ನಿಮಗ್ಯಾಕೆ ತೊಂದ್ರೆ. ಮುಂದಿನ ತಿಂಗಳು ನಿಮ್ಮ ಆ್ಯಪ್ ಬರುತ್ತಂತಲ್ಲ, ಅದರಲ್ಲೇ ನೋಡ್ಕೋತೀನಿ."

ನಾನು ಮಹಡಿಯಿಂದ ಇಳಿದು ಬಂದಾಗ ಅಕ್ಕ ಕೂತಲ್ಲೇ ಕೂತಿದ್ದರು. ಅಂಗೈ ಇನ್ನೂ ಹಾಳೆಯ ಮೇಲಿತ್ತು. ಅದನ್ನು ಎತ್ತಿದಾಗ ಬೆವರಿಗೆ ನೆನೆದ ಹಾಳೆಯಲ್ಲಿ ಐದು ಬೆರಳೂ ಮೂಡಿದ್ದವು. ಆ ಮಗುವಿನ ಸಾಲು ಅಲ್ಲಿಂದ ಎರಡು ಹಾಳೆ ಹಿಂದಕ್ಕಿತ್ತು ಎಂದು ಅವರು ನನಗೆ ಹೇಳಿದ್ದು ವರ್ಷಗಳ ಮೇಲೆ. ಆಗ ಹೇಳಿದ್ದು "ಹಾಳು ಸೆಕೆ" ಎಂದು ಮಾತ್ರ. "ಇದು ಇಲ್ಲೇ ಇರ್ಲಿ" ಎಂದು ಸೇರಿಸಲಿಲ್ಲ.

ಆ ದಿನದಿಂದ ಅವರನ್ನು ಹಿಡಿದ ಭಯ ಎಂಥದ್ದೆಂದರೆ, ನೋಡುತ್ತಿದ್ದ ನಮಗೇ ಅದು ಅಂಟಿಕೊಂಡಿತು. ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದವರು ಮೇಜನ್ನು ತಿರುಗಿಸಿ ಬಾಗಿಲಿಗೆ ಮುಖ ಮಾಡಿ ಕೂತರು. ಆ ಕನ್ನಡಕವನ್ನು ಮತ್ತೆ ಹಾಕಲಿಲ್ಲ. ಹಳೆಯದೊಂದನ್ನು ಹುಡುಕಿ ತಂದು, ತಲೆನೋವಿನಿಂದ ಹಣೆ ಒತ್ತಿಕೊಳ್ಳುತ್ತಲೇ ಬರೆದರು. ಮನೆಗೆ ಹೋಗುವ ನೇರ ದಾರಿ ಬಿಟ್ಟು ತರಕಾರಿ ಮಾರುಕಟ್ಟೆಯ ಒಳಗಿನಿಂದ ಸುತ್ತುಹಾಕಿ ಹೋಗತೊಡಗಿದರು. ಹಾಡುಹಗಲಲ್ಲಿ ಕಿಟಕಿಗಳ ಚಿಲಕ ಹಾಕುತ್ತಿದ್ದುದನ್ನು ಕಂಡು ಯಜಮಾನರು "ಯಾಕೆ, ನನ್ನನ್ನ ಯಾರಾದ್ರೂ ಕದ್ಕೊಂಡು ಹೋಗ್ತಾರೆ ಅಂತಾನಾ?" ಎಂದು ನಕ್ಕರಂತೆ. ಹೆಂಡತಿ ನಗಲಿಲ್ಲವೆಂದು ಕಂಡು ನಗು ನಿಲ್ಲಿಸಿ, ಎದ್ದು, ಹಿತ್ತಿಲ ಬಾಗಿಲಿನ ಚಿಲಕವನ್ನು ತಾವೇ ಹಾಕಿ ಬಂದರಂತೆ. ಏನೆಂದು ಕೇಳಲಿಲ್ಲ. ಆ ದಾಂಪತ್ಯದ ಸೊಗಸು ಅದು.

ತಾಯಿಗೆ ಹೋಗಿ ಹೇಳಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸೀತು. ಅಕ್ಕ ಎರಡು ಸಲ ಹೊರಟರು. ಎರಡು ಸಲವೂ ಪರದೆ ಕಾರ್ಖಾನೆಯ ಬೀದಿಯ ತಿರುವಿನಲ್ಲಿ ನಿಂತು ವಾಪಸು ಬಂದರು. ಅವನು ಹಿಂದೆಯೇ ಬರುತ್ತಿದ್ದರೆ? ಮುಚ್ಚಿಡಬೇಕಾದ ಮನೆಗೆ ತಾನೇ ದಾರಿ ತೋರಿಸಿದಂತಾದರೆ? ತಿರುವಿನಲ್ಲಿ ಸುಮ್ಮನೆ ನಿಂತವರಿಗೆ ಯಾರಿಗೂ ಅನುಮಾನ ಬಾರದಿರಲೆಂದು ಪಕ್ಕದ ಅಂಗಡಿಯಲ್ಲಿ ಬೇಡದ ಗುಂಡಿ, ದಾರ ಕೊಂಡು ತಂದಿದ್ದರು. ಕೋಟಿನ ಒಳಜೇಬಿನಲ್ಲಿ ಅವು ಬಹಳ ದಿನ ಇದ್ದವು.

ಶಿಕ್ಷಣಾಧಿಕಾರಿಗಳ ಬಳಿ ಹೋದರು. ಅವರು ಕೆಟ್ಟವರಲ್ಲ, ತಿಂಗಳ ಕೊನೆಯ ಗಡುವು ತಲೆಯ ಮೇಲೆ ಕೂತಿತ್ತು, ಅಷ್ಟೆ. "ಕೆಲವು ಮಕ್ಕಳ ವಿಳಾಸ ಹೊರಗೆ ಹೋಗ್ಬಾರ್ದು ಸಾರ್" ಎಂದು ಅಕ್ಕ ಆರಂಭಿಸಿದರೋ ಇಲ್ಲವೋ, ಅವರು ಪೆನ್ನು ಎತ್ತಿಕೊಂಡರು. "ಸರಿಯಾಗಿ ಹೇಳಿದ್ರಿ ಅಕ್ಕ. ಯಾರ್ಯಾರು ಹೇಳಿ. ಒಂದು ಗುಪ್ತ ಪಟ್ಟಿ ಮಾಡಿ ಕಂಪನಿಗೆ ಕಳ್ಸೋಣ, ಅವರ ಹೆಸರು ಕಾಣದ ಹಾಗೆ ಮಾಡ್ತಾರೆ." ಅಕ್ಕ ಆ ಪೆನ್ನನ್ನು ನೋಡಿದರು. ಅಡಗಿರುವ ಒಂಬತ್ತು ಮಕ್ಕಳ ಹೆಸರನ್ನು ಒಂದೇ ಹಾಳೆಯಲ್ಲಿ, ಒಂದರ ಕೆಳಗೊಂದು ಬರೆದು, ಹತ್ತು ಜನರ ಕಂಪ್ಯೂಟರಿಗೆ ಕಳಿಸುವುದು! ಅಂಥ ಹಾಳೆಗಾಗಿಯೇ ಕಾದಿರುವವರಿಗೆ ಇನ್ನು ಹುಡುಕುವ ಶ್ರಮವೂ ಇಲ್ಲ. "ಯೋಚ್ನೆ ಮಾಡಿ ಹೇಳ್ತೀನಿ ಸಾರ್" ಎಂದು ಹೊರಗೆ ಬಂದವರು ಮೊಗಸಾಲೆಯ ಬೆಂಚಿನ ಮೇಲೆ ಕುಸಿದರು.

ಅಲ್ಲೇ ಕಾಫಿ ಕುಡಿಯುತ್ತ ನಿಂತಿದ್ದರು ಕಂಪನಿಯ ಎಂಜಿನಿಯರ್. ಅಕ್ಕ ಅವರ ಕಾಲಿನ ಚಪ್ಪಲಿ ನೋಡುತ್ತ ಕೇಳಿದರು: "ಹುಡುಕೋದನ್ನ ತೆಗೆದ್ರೆ ನಿಮ್ಮ ಯಂತ್ರ ಕೆಟ್ಟುಹೋಗುತ್ತಾ ತಾಯಿ?"

"ಹುಡುಕೋದು ಅಂದ್ರೆ?"

"ಹೆಸರು ಒತ್ತಿ ಮಗೂನ ಹುಡುಕೋದು."

"ಕೆಡಲ್ಲಮ್ಮ, ಅದನ್ನೊಂದು ನಿಲ್ಲಿಸಿದ್ರೆ ಆಯ್ತು. ಆದ್ರೆ ನಾನಾಗಿ ಮಾಡೋ ಹಾಗಿಲ್ಲ. ಸಭೆ ನಿರ್ಣಯ ಮಾಡ್ಬೇಕು." ಎಂಜಿನಿಯರ್ ಲೋಟ ಕೆಳಗಿಟ್ಟು ಅವರ ಮುಖವನ್ನೇ ನೋಡಿದರು. "ಯಾಕಮ್ಮ?"

ಅಕ್ಕ ಎದ್ದು ಗೋಡೆಯ ಪಕ್ಕ ಹಿಡಿದು ಹೋದರು.

ಸಭೆ ಎಂದರೆ ಪುರಸಭೆಯ ಸಾಮಾನ್ಯ ಸಭೆ. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಇಪ್ಪತ್ತೇಳು ಸದಸ್ಯರು, ಹಿಂದುಗಡೆ ಸಾರ್ವಜನಿಕರಿಗೆ ಎರಡು ಸಾಲು ಕುರ್ಚಿ, ಎತ್ತರದ ಕಿಟಕಿಗಳಿಂದ ಇಳಿಯುವ ಹತ್ತೂವರೆಯ ಬಿಸಿಲು. ದಾಖಲೆ ಕೇಳಿದರೆ ಒದಗಿಸಲು ಅಕ್ಕ, ನಡಾವಳಿ ಬರೆಯುವವರಿಗೆ ಸಹಾಯಕ್ಕೆ ನಾನು, ಅಧಿಕಾರಿಗಳ ಹಿಂದಿನ ಬೆಂಚಿನಲ್ಲಿ ಅಕ್ಕಪಕ್ಕ ಕೂರುತ್ತಿದ್ದೆವು. ಇಪ್ಪತ್ತೆರಡು ವರ್ಷಗಳಲ್ಲಿ ಆ ಬೆಂಚಿನಿಂದ ಅಕ್ಕನ ಒಂದು ಸೊಲ್ಲು ಎದ್ದದ್ದಿಲ್ಲ. ಆ ತಿಂಗಳ ಸಭೆಯ ದಿನ ಅವರ ಕೈಯಲ್ಲಿ ಒಂದು ಹಾಳೆಯಿತ್ತು, ದುಂಡು ಅಕ್ಷರದ ಐದು ಸಾಲು. ಹೆಸರಿಲ್ಲದೆ, ಸಂಖ್ಯೆಯಿಲ್ಲದೆ, ಕೆಲವು ಮಕ್ಕಳಿಗೆ ಅಪಾಯವಿದೆ ಎಂದಷ್ಟೇ ಹೇಳುವ ಸಾಲುಗಳು. ಇಡೀ ವಾರ ಅವನ್ನು ಕಂಠಪಾಠ ಮಾಡಿದ್ದರಂತೆ. ನಾಲ್ಕನೆಯ ವಿಷಯವಾಗಿ ಡಿಜಿಟಲ್ ಯೋಜನೆ ಮಂಡನೆಯಾಯಿತು. ಅಧ್ಯಕ್ಷರು ರೂಢಿಯಂತೆ "ಯಾರಾದರೂ ಏನಾದರೂ ಹೇಳುವುದಿದೆಯೇ?" ಎಂದರು. ನನ್ನ ಪಕ್ಕದಲ್ಲಿ ಬೂದು ಕೋಟು ಎದ್ದು ನಿಂತಿತು.

ಎದ್ದವರ ಕಣ್ಣು ಹಿಂದಿನ ಸಾಲುಗಳಿಗೆ ಹೋಯಿತು. ಅವರ ದೃಷ್ಟಿ ಹೋದ ಕಡೆ ನಾನೂ ನೋಡಿದೆ. ಸಾರ್ವಜನಿಕರ ಎರಡನೆಯ ಸಾಲಿನಲ್ಲಿ ತಿಳಿನೀಲಿ ಅಂಗಿಯವನೊಬ್ಬ ಕನ್ನಡಕ ಒರೆಸುತ್ತ ಕೂತಿದ್ದ. ನನಗೆ ಅವನು ಯಾರೋ ಒಬ್ಬ. ಅಕ್ಕನ ಕೈಯಲ್ಲಿದ್ದ ಹಾಳೆ ಮಾತ್ರ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಅದು ಮುಷ್ಟಿಯೊಳಗೆ ಮಾಯವಾದ ಬಗೆ ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಅಡಗಿಸಬೇಕಾದ ಮಕ್ಕಳಿದ್ದಾರೆ ಎಂದು ಅಲ್ಲಿ ಬಾಯಿಬಿಟ್ಟರೆ, "ಇಲ್ಲ" ಎಂದು ತಾನು ಹೇಳಿದ್ದು ಸುಳ್ಳೆಂದು ಅವನಿಗೆ ಸಾರಿದಂತೆ. ಸುಮ್ಮನೆ ಕೂತರೆ ಮುಂದಿನ ತಿಂಗಳು ಅವನ ಬೆರಳ ತುದಿಯಲ್ಲಿ ಮಗು.

"ಏನಮ್ಮಾ, ಹೇಳಿ" ಎಂದರು ಅಧ್ಯಕ್ಷರು.

"ನನ್ನ ರಿಜಿಸ್ಟರುಗಳು ಸರಿ ಇಲ್ಲ ಸಾರ್."

ಯಾರೋ ನಕ್ಕರು. ಅಕ್ಕನ ರಿಜಿಸ್ಟರು ಸರಿಯಿಲ್ಲವೆಂಬುದು ನಮ್ಮ ಕಚೇರಿಯಲ್ಲಿ ಹಾಸ್ಯವೇ ಸರಿ. ಅಧ್ಯಕ್ಷರೂ ನಗುತ್ತಲೇ "ಸರಿ ಇಲ್ಲ ಅಂದ್ರೆ?" ಎಂದು ಕೇಳಿದರು.

"ತಪ್ಪಾಗಿದೆ ಸಾರ್. ನನ್ನಿಂದಾನೇ ಆಗಿದೆ. ಹುಟ್ಟಿದ ತಾರೀಖು ಅದಲು ಬದಲಾಗಿವೆ. ಒಂದೇ ಹೆಸರಿನ ಮಕ್ಕಳು ಬೆರೆತು ಹೋಗಿದಾರೆ. ಎಷ್ಟು ಅಂತ ನನಗೇ ಗೊತ್ತಿಲ್ಲ." ದನಿ ನಡುಗುತ್ತಿತ್ತು, ಆ ನಡುಕ ನಟನೆಯಾಗಿರಲಿಲ್ಲವಾದ್ದರಿಂದ ನಂಬಿಕೆಗೆ ಅರ್ಹವಾಗಿ ಕೇಳಿಸಿತು. "ಒಬ್ಬರು ಹುಡುಕಿದ್ರೆ ಇನ್ನೊಬ್ಬರ ಮಗು ಬರುತ್ತೆ. ಫೋಟೋ, ಶಾಲೆ, ಮನೆಗೆ ಹೋಗೋ ಹೊತ್ತು, ಎಲ್ಲ ಬರುತ್ತೆ."

ಮೊದಲ ಸಾಲಿನ ಹಿರಿಯ ಸದಸ್ಯರೊಬ್ಬರು ಕುರ್ಚಿ ಸರಿಸಿ ತಿರುಗಿದರು. "ಅಂದ್ರೆ ನನ್ನ ಮೊಮ್ಮಗಳ ಫೋಟೋ ಯಾವನೋ ನೋಡ್ತಾನಾ?"

"ನೋಡಬಹುದು ಸಾರ್."

"ಅವಳು ಎಷ್ಟು ಹೊತ್ತಿಗೆ ಗೇಟಿಂದ ಆಚೆ ಬರ್ತಾಳೆ ಅನ್ನೋದೂ?"

"ಅದೂ ಸಾರ್."

ಭಯವೆಂಬುದು ಆ ಸಭಾಂಗಣದಲ್ಲಿ ಕುರ್ಚಿಯಿಂದ ಕುರ್ಚಿಗೆ ದಾಟಿದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಕ್ಷಣದ ಹಿಂದೆ ನಗುತ್ತಿದ್ದವರೆಲ್ಲ ತಂತಮ್ಮ ಮನೆಯ ಮಗುವೊಂದನ್ನು ನೆನೆಯುತ್ತಿದ್ದರು. ಅಧ್ಯಕ್ಷರು ಎಂಜಿನಿಯರ್ ಕಡೆ ತಿರುಗಿ, ಹುಡುಕುವ ಸೌಲಭ್ಯವನ್ನು ಕೈಬಿಡಲು ಬರುತ್ತದೆಯೇ ಎಂದು ಕೇಳಿದರು. ಆ ಹೆಂಗಸು ಎದ್ದು, ಅಕ್ಕನ ಮುಷ್ಟಿಯನ್ನು ಒಮ್ಮೆ ನೋಡಿ, "ಬರುತ್ತೆ ಸಾರ್. ಇಂಥ ದಾಖಲೆ ಇಟ್ಕೊಂಡು ಅದನ್ನ ನಿಲ್ಲಿಸದೇ ಹೋದ್ರೆ ನಮ್ಮ ಕಂಪನಿ ಜವಾಬ್ದಾರಿ ಹೊರಲ್ಲ" ಎಂದುಬಿಟ್ಟರು. ನಿರ್ಣಯವಾಯಿತು: ಪರದೆ, ಟ್ಯಾಬ್ ಬರಲಿ, ಗೇಟಿನ ಕ್ಯಾಮೆರಾ ಸದ್ಯಕ್ಕೆ ಬೇಡ, ಹೆಸರು ಒತ್ತಿ ಹುಡುಕುವುದು ಬೇಡವೇ ಬೇಡ, ಮಗುವನ್ನು ಸೇರಿಸಿದ ಪೋಷಕರು ಖುದ್ದಾಗಿ ಶಾಲೆಗೆ ಬಂದು, ಮುಖ್ಯೋಪಾಧ್ಯಾಯರು ಗುರುತು ಹಿಡಿದ ಮೇಲೆ ಮಾತ್ರ ಅವರಿಗೆ ಆ್ಯಪಿನ ಸಂಖ್ಯೆ ಕೊಡತಕ್ಕದ್ದು, ರಿಜಿಸ್ಟರುಗಳ ತಪ್ಪು ಮೂರು ತಿಂಗಳಲ್ಲಿ ತಿದ್ದತಕ್ಕದ್ದು, ನಿರ್ಲಕ್ಷ್ಯ ತೋರಿದ ನೌಕರರಿಗೆ ಮೆಮೊ ಕೊಡತಕ್ಕದ್ದು.

ಸಭೆ ಮುಗಿದು ಹೊರಬರುವಾಗ ಅವನು ಬಾಗಿಲ ಬಳಿ ಕಾದಿದ್ದ. "ಎಲ್ಲ ಹೆಸರೂ ಬಾಯಿಪಾಠ ಅಂದಿದ್ರಿ ಮೇಡಂ" ಎಂದ, ಅದೇ ವಿನಯದಿಂದ.

"ವಯಸ್ಸಾಯ್ತು" ಎಂದರು ಅಕ್ಕ.

ಅವನು ಅವರ ಮುಖವನ್ನು, ಅಂಗಡಿಗೆ ಬಂದ ಗಿರಾಕಿಯ ಮೂಗಿನ ಅಳತೆ ತೆಗೆಯುವವನಂತೆ, ನಿಧಾನವಾಗಿ ನೋಡಿದ. "ಕನ್ನಡಕ ಬದಲಾಯಿಸಿದ್ರಾ?" ಎಂದ. ಮೆಟ್ಟಿಲಿಳಿದು ಹೋದ.

ತಪ್ಪು ತಿದ್ದುವ ಕೆಲಸವನ್ನು ಅಕ್ಕನಿಗೂ, ಸಾಕ್ಷಿಯಾಗಿ ನನಗೂ ವಹಿಸಿದರು. ಪ್ರತಿದಿನ ಮಧ್ಯಾಹ್ನ ಜನನ ಪತ್ರಗಳ ಕಟ್ಟು ಬಿಚ್ಚಿ ನಾನು ಓದುವುದು, ಅವರು ರಿಜಿಸ್ಟರು ನೋಡಿ ಹ್ಞೂಂ ಎನ್ನುವುದು. ಒಂದನೇ ರಿಜಿಸ್ಟರು ಮುಗಿಯಿತು. ಎರಡು, ಮೂರು ಮುಗಿದವು. ನಾಲ್ಕನೆಯದರ ಕೊನೆಗೆ ನಾನು ಕಾಗದ ಕೆಳಗಿಟ್ಟು ಕೇಳಿದೆ: "ಅಕ್ಕಾ, ತಪ್ಪೆಲ್ಲಿದೆ?"

"ಹುಡುಕಿ, ಸಿಗುತ್ತೆ."

ಸಿಗಲಿಲ್ಲ. ಒಂಬತ್ತನೇ ರಿಜಿಸ್ಟರಿನಲ್ಲಿ ಮಾತ್ರ ಒಂದು ಕ್ರಮಸಂಖ್ಯೆಯ ಕೆಳಗೆ ನನ್ನ ಕಣ್ಣು ನಿಂತಿತು. ಹಿಂದಿನ ಪುಟಗಳಲ್ಲೂ ಅಂಥದ್ದನ್ನು ಕಂಡಿದ್ದು ಆಗ ನೆನಪಿಗೆ ಬಂತು. "ಇದೇನಕ್ಕ ಚುಕ್ಕೆ?"

"ಪೆನ್ಸಿಲ್ ಮೊನೆ ತಾಗಿರ್ಬೇಕು" ಎಂದು ಅವರು ತಲೆಯೆತ್ತಿ ನನ್ನನ್ನು ನೋಡಿದ ನೋಟದಲ್ಲಿ ಎಂಥ ಅಂಜಿಕೆಯಿತ್ತೆಂದರೆ, ಆ ಕ್ಷಣ ಅವರು ಹೆದರುತ್ತಿದ್ದುದು ನನಗೆ, ಅಷ್ಟು ವರ್ಷ ಎದುರುಬದುರು ಕೂತು ಊಟದ ಡಬ್ಬಿ ಹಂಚಿಕೊಂಡ ನನಗೆ, ಎಂದು ತಿಳಿದು ನನಗೆ ನಾಚಿಕೆಯಾಯಿತು. ಮುಂದಿನ ಜನನ ಪತ್ರ ಓದಿದೆ. ಮೂರು ತಿಂಗಳ ಕೊನೆಗೆ "ಕಂಡುಬಂದ ದೋಷಗಳನ್ನು ಸರಿಪಡಿಸಲಾಗಿದೆ" ಎಂಬ ವರದಿಗೆ ಇಬ್ಬರೂ ಸಹಿ ಹಾಕಿದೆವು. ನನ್ನ ನೌಕರಿಯಲ್ಲಿ ನಾನು ಸಹಿ ಹಾಕಿದ ಸುಳ್ಳು ಅದೊಂದೇ.

ಮೆಮೊ ಅವರ ಸೇವಾಪುಸ್ತಕದಲ್ಲಿ ಅಂಟಿಕೊಂಡಿತು. "ಕರ್ತವ್ಯದಲ್ಲಿ ತೀವ್ರ ನಿರ್ಲಕ್ಷ್ಯ." ಅದನ್ನು ಓದುವಾಗ ಅವರು ಅಳಲಿಲ್ಲ, ಸಹಿ ಹಾಕಬೇಕಾದ ಜಾಗದಲ್ಲಿ ಬಹಳ ನಿಧಾನವಾಗಿ, ಒಂದೊಂದೇ ಅಕ್ಷರ ತೀಡಿ ಹಾಕಿದರು. ಕಿಡಿಗೇಡಿಗಳಿಗೆ ಹೊಸ ಹೆಸರೊಂದು ಸಿಕ್ಕಿತು; ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಕನ್ನಡಕದವನು ಇನ್ನೊಮ್ಮೆ ಬಂದು, ಮೊಗಸಾಲೆಯಲ್ಲಿ ಸುಮ್ಮನೆ ಅರ್ಧ ಗಂಟೆ ಕೂತು ಹೋದ. ಆಮೇಲೆ ಬರಲಿಲ್ಲ. ಬಾರದೆ ಹೋದದ್ದು ಅಕ್ಕನಿಗೆ ಸಮಾಧಾನ ತರಲಿಲ್ಲ. ಮೊಗಸಾಲೆಯಲ್ಲಿ ಕೂತಿದ್ದಾಗ ಅವನು ಎಲ್ಲಿದ್ದಾನೆಂಬುದಾದರೂ ಗೊತ್ತಿತ್ತು.

ಮರುವರ್ಷ, ಶಾಲಾವರ್ಷ ಮುಗಿಯುವ ಕಾಲಕ್ಕೆ, ಪರದೆ ಹೊಲಿಯುವ ಆ ತಾಯಿ ಕಿಟಕಿಯ ಬಳಿ ಬಂದು ನಿಂತಳು. ದೂರದ ಊರಿನಲ್ಲಿ ಬೇರೆ ಕೆಲಸ ಸಿಕ್ಕಿತ್ತು, ಅವಳ ತಂಗಿಯೂ ಅಲ್ಲೇ ಇದ್ದಳು. ಮಗಳ ವರ್ಗಾವಣೆ ಪತ್ರ ಬೇಕಿತ್ತು. ಕಳೆದ ವರ್ಷ ಏನು ನಡೆಯಿತೆಂಬುದರ ಗಾಳಿಯೂ ಅವಳಿಗೆ ಸೋಕಿರಲಿಲ್ಲ. ಬೇರೆ ಏನೋ ಸೋಕಿತ್ತು.

"ತಾರೀಖು ಸರಿಯಾಗಿ ಬರೀರಿ ಅಮ್ಮ" ಎಂದಳು, ಗಟ್ಟಿಯಾಗಿಯೇ. "ನೀವು ತಪ್ಪುತಪ್ಪು ಬರೀತೀರಂತೆ, ಶಾಲೇಲಿ ಎಲ್ಲಾರೂ ಹೇಳ್ತಾರೆ. ನನ್ನ ಮಗಳ ಜೀವನದ ಪ್ರಶ್ನೆ."

ನಾನು ಎದ್ದು ನಿಂತೆ. ಏನು ಹೇಳಲು ಎದ್ದೆನೋ ತಿಳಿಯದು. ಅಕ್ಕ ನನ್ನ ಕಡೆ ನೋಡದೆಯೇ ಕೈಯೆತ್ತಿ ಕೂರುವಂತೆ ಸೂಚಿಸಿದರು. ಪತ್ರ ಬರೆದು, ಒತ್ತುಕಾಗದದಿಂದ ಶಾಯಿ ಒತ್ತಿ, ಕಿಟಕಿಯಿಂದಾಚೆ ಚಾಚಿದರು. "ಎರಡು ಸಲ ಓದ್ಕೊಳಮ್ಮ. ತಪ್ಪಿದ್ರೆ ಹೇಳು."

ಅವಳು ಓದಿದಳು. ಅಂಕಿಗಳ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು. "ಹ್ಞೂಂ, ಸರಿ ಇದೆ" ಎಂದು, ಇವರಿಂದ ಇಷ್ಟಾದರೂ ಆಯಿತಲ್ಲ ಎಂಬ ಮುಖ ಮಾಡಿಕೊಂಡು, ಥ್ಯಾಂಕ್ಸ್ ಕೂಡ ಹೇಳದೆ ಹೊರಟುಹೋದಳು. ಅಕ್ಕ ಆ ಬೆನ್ನು ರಸ್ತೆಯ ಜನರಲ್ಲಿ ಕರಗುವ ತನಕ ನೋಡುತ್ತಿದ್ದು, "ಬಸ್ಸಿಗೆ ತಡ ಆಗಿರ್ಬೇಕು ಪಾಪ" ಎಂದರು.

ನಿವೃತ್ತರಾದ ಮೇಲೆ ಅವರ ಮನೆಯಲ್ಲಿ ಕೂತು ಇದೆಲ್ಲವನ್ನೂ ಕೇಳಿಸಿಕೊಂಡಾಗ, ಎಂಥ ಧೈರ್ಯ ನಿಮ್ಮದು ಎಂದೆ. ಅವರಿಗೆ ನಿಜವಾಗಿ ಕೋಪ ಬಂತು. "ಧೈರ್ಯ ಎಲ್ಲಿಂದ ಬಂತು? ಹೆದರಿಕೆ ಕಣಪ್ಪ, ಬರೀ ಹೆದರಿಕೆ. ಈಗಲೂ ಇದೆ. ಯಾವುದಾದ್ರೂ ಕೆಲಸಕ್ಕೆ ಬರ್ಲಿ ಅಂತ ಇಟ್ಕೊಂಡಿದೀನಿ." ಒಳಗಿನಿಂದ ಯಜಮಾನರು ಅದನ್ನು ಕೇಳಿಸಿಕೊಂಡು, ಈ ಸಲ ಹಾಸ್ಯ ಮಾಡಲಿಲ್ಲ.

ಅಳ್ಳೆದೆಯವರೆಂದು ನಾವು ನಗುವ ಮಂದಿಯಲ್ಲಿ ಎರಡು ಬಗೆ. ತಮಗೇನಾದೀತೋ ಎಂದು ಅಂಜುವವರು ಒಂದು ಬಗೆ. ಅವರು ಎಲ್ಲ ಕಡೆಯೂ ಸಿಗುತ್ತಾರೆ, ನಾನೂ ಅವರಲ್ಲೊಬ್ಬ. ಇನ್ನೊಂದು ಬಗೆಯವರು, ಯಾರದೋ ಮಗುವಿಗೆ ಏನಾದೀತೋ ಎಂದು, ಆ ಮಗುವಿನ ಮನೆಯವರಿಗೂ ತಿಳಿಯದಂತೆ, ಸಂಬಳವಿಲ್ಲದ ಒಂದು ಎರಡನೇ ನೌಕರಿಯಂತೆ ಅಂಜಿಕೆಯನ್ನು ಹೊತ್ತು ತಿರುಗುವವರು. ಹೊಸ ಯಂತ್ರ ಬಂದಾಗ ನಾವು ಅದರ ಬೆಳಕನ್ನು ನೋಡುತ್ತೇವೆ. ಆ ಬೆಳಕು ಯಾರ ಮೇಲೆ ಬೀಳಬಾರದೋ ಅವರನ್ನು ನೆನೆಯುವವರು ಇವರು. ಬಾಯಿಬಿಟ್ಟು ಹೇಳಲು ಬಾರದ್ದರಿಂದ ಇವರನ್ನು ಹಳಬರು, ಅಡ್ಡಿಯವರು, ಕೈಲಾಗದವರು ಎನ್ನುತ್ತೇವೆ. ಇವರ ಕೆಲಸ ಸಫಲವಾಯಿತೆಂದರೆ ಏನೂ ನಡೆಯಲಿಲ್ಲ ಎಂದರ್ಥ. ಏನೂ ನಡೆಯದ್ದಕ್ಕೆ ಯಾವ ಕಚೇರಿಯೂ ಕಡತ ತೆರೆಯುವುದಿಲ್ಲ, ಯಾವ ಸಭೆಯೂ ಹಾರ ಹಾಕುವುದಿಲ್ಲ. ಎಲ್ಲೋ ಗುರುತಿಲ್ಲದ ಊರಿನಲ್ಲಿ ಒಂದು ಮಗು ಶಾಲೆ ಬಿಟ್ಟು, ಚೀಲ ಎಳೆದುಕೊಂಡು, ಹಾದಿಯ ಕಲ್ಲು ಒದೆಯುತ್ತ, ಯಾರ ನೆನಪೂ ಇಲ್ಲದೆ ಮನೆಗೆ ಹೋಗುತ್ತದೆ. ಅವರಿಗೆ ಸಲ್ಲುವುದು ಅಷ್ಟೇ. ಅದೂ ಅವರ ಕಣ್ಣಿಗೆ ಬೀಳುವುದಿಲ್ಲ.